ರಜೆಯ ಮೇಲೆ ಹೋದ ಪ್ರಧಾನಿ

ಚುನಾವಣೆಯ ಕಾವು ಊರನ್ನೆಲ್ಲ ಆವರಿಸಿದ್ದ ದಿನಗಳು. ಭಾನುವಾರದ ಬಲಿಪೂಜೆ ಮುಗಿದ ಮೇಲೆ ಧರ್ಮೋಪದೇಶ ತರಗತಿಯ ಹಿರಿಯ ಮಕ್ಕಳೊಡನೆ ಮಾತನಾಡುತ್ತ ಕುಳಿತಿದ್ದೆ. ಹತ್ತನೆಯ ತರಗತಿಯ ಹುಡುಗನೊಬ್ಬ ಎದ್ದು ನಿಂತು, “ಫಾದರ್, ನೀವು ಎಲೆಕ್ಷನ್ನಿಗೆ ನಿಂತರೆ ನಾವೆಲ್ಲ ನಿಮಗೇ ವೋಟು ಹಾಕುತ್ತೇವೆ” ಎಂದ. ಅವನಿಗೆ ಮತದಾನದ ವಯಸ್ಸು ಬರಲು ಇನ್ನೂ ಎರಡು ಮೂರು ವರ್ಷಗಳಿದ್ದವು ಎಂಬುದು ಬೇರೆ ಮಾತು. ಮಕ್ಕಳೆಲ್ಲ ನಕ್ಕರು, ನಾನೂ ನಕ್ಕೆ. ಆದರೆ ಪ್ರಶ್ನೆಯೊಂದು ಎದ್ದ ಮೇಲೆ ಅದಕ್ಕೆ ಉತ್ತರಿಸದೆ ಬಿಡುವುದು ಉಪದೇಶಕನಿಗೆ ತರವಲ್ಲ.

ನಮ್ಮ ಧರ್ಮಸಭೆಯ ನಿಲುವು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ರಾಜ್ಯಾಧಿಕಾರದಲ್ಲಿ ಪಾಲುಗೊಳ್ಳಬೇಕಾದ ಸಾರ್ವಜನಿಕ ಹುದ್ದೆಗಳನ್ನು ಗುರುಗಳು ವಹಿಸಿಕೊಳ್ಳಬಾರದೆಂದು 1983ರ ಧರ್ಮಸಭೆಯ ಕಾನೂನು ಸಂಹಿತೆಯ 285ನೆಯ ವಿಧಿ ಹೇಳುತ್ತದೆ. ಅಮೆರಿಕದ ಸಂಸತ್ತಿನಲ್ಲಿ ಹತ್ತು ವರ್ಷ ಸದಸ್ಯರಾಗಿದ್ದ ಯೇಸುಸಭೆಯ ಗುರು ರಾಬರ್ಟ್ ಡ್ರೈನನ್‌ರವರು 1980ರಲ್ಲಿ ಜಗದ್ಗುರು ಎರಡನೆಯ ಜಾನ್ ಪಾಲ್‌ರವರ ಆದೇಶ ಬಂದೊಡನೆ ಮರುಚುನಾವಣೆಯಿಂದ ಹಿಂದೆ ಸರಿದರು. ಇಷ್ಟನ್ನು ಹೇಳಿದೆ. ಹುಡುಗನಿಗೆ ಸಮಾಧಾನವಾಗಲಿಲ್ಲ. “ಹಾಗಾದರೆ ಯಾವ ದೇಶದಲ್ಲೂ ಫಾದರ್ ಆದವರು ಪ್ರಧಾನಿ ಆಗಿಲ್ಲವೇ?” ಎಂದ. ಆಗ ನನಗೆ ನಾರ್ವೆ ದೇಶದ ಶೆಲ್ ಮಾಗ್ನೆ ಬೊಂಡೆವಿಕ್ ನೆನಪಾದರು. ಅವರು ನಮ್ಮ ಸಭೆಯವರಲ್ಲ, ಲೂಥರನ್ ಸಭೆಯ ದೀಕ್ಷಿತ ಸಭಾಪಾಲಕರು. ಎರಡು ಬಾರಿ ತಮ್ಮ ದೇಶದ ಪ್ರಧಾನಿಯಾದವರು. ಅವರ ಕಥೆಯ ಅರ್ಧವನ್ನು ಮಾತ್ರ ಅಂದು ಮಕ್ಕಳಿಗೆ ಹೇಳಿದೆ. ಉಳಿದರ್ಧವನ್ನು ಹೇಳಲು ನಾಲಿಗೆ ಏಳಲಿಲ್ಲ. ಅದಕ್ಕೆ ಕಾರಣವಿತ್ತು. ಆ ಅರ್ಧವನ್ನು ಹೇಳಿದ್ದರೆ ನನ್ನ ಕಥೆಯನ್ನೂ ಹೇಳಬೇಕಾಗುತ್ತಿತ್ತು.

ಬೊಂಡೆವಿಕ್‌ರವರು ಹುಟ್ಟಿದ್ದು 1947ರ ಸೆಪ್ಟೆಂಬರ್ 3ರಂದು, ನಾರ್ವೆಯ ಪಶ್ಚಿಮ ಕರಾವಳಿಯ ಮೊಲ್ದೆ ಎಂಬ ಸಣ್ಣ ಪಟ್ಟಣದಲ್ಲಿ. ಗುಲಾಬಿಗಳ ಪಟ್ಟಣವೆಂದು ಅದಕ್ಕೆ ಹೆಸರು. ಮುಂದೆ ಸಮುದ್ರದ ಕೊಲ್ಲಿ, ಅದರಾಚೆ ಹಿಮ ಹೊತ್ತ ಶಿಖರಗಳ ಸಾಲು. ಆ ಕರಾವಳಿಯ ಜನ ಗಟ್ಟಿ ಭಕ್ತಿಯವರು. ಮದ್ಯ ಮುಟ್ಟದ, ಭಾನುವಾರದ ಪ್ರಾರ್ಥನೆ ತಪ್ಪಿಸದ, ದೂರದೇಶಗಳ ಧರ್ಮಪ್ರಚಾರಕ್ಕೆ ತಮ್ಮ ದುಡಿಮೆಯ ಒಂದು ಪಾಲನ್ನು ಎತ್ತಿಡುವ ಕುಟುಂಬಗಳು ಅಲ್ಲಿ ಬಹಳ. ನಮ್ಮ ಸಂತಾಲ ಬುಡಕಟ್ಟಿನವರ ನಡುವೆ ಬದುಕಿ 1873ರಲ್ಲಿ ಅವರ ಭಾಷೆಗೆ ವ್ಯಾಕರಣ ಬರೆದ ಲಾರ್ಸ್ ಸ್ಕ್ರೆಫ್ಸ್‌ರುಡ್ ಕೂಡ ನಾರ್ವೆಯವರೇ. ಇಂಥ ಜನರ ಮಧ್ಯೆ ಆ ಕರಾವಳಿಯಲ್ಲಿಯೇ 1933ರಲ್ಲಿ ಹುಟ್ಟಿದ್ದು ಕ್ರೈಸ್ತ ಜನತಾ ಪಕ್ಷ.

ನಮ್ಮ ಕಥೋಲಿಕ ಓದುಗರಿಗೆ ಇಲ್ಲಿ ಒಂದು ಮಾತನ್ನು ಹೇಳಬೇಕು. 1537ರಿಂದ ನಾರ್ವೆಯಲ್ಲಿ ಲೂಥರನ್ ಧರ್ಮವೇ ರಾಜ್ಯಧರ್ಮವಾಗಿತ್ತು. 1814ರ ಸಂವಿಧಾನ ಯೇಸುಸಭೆಯ ಗುರುಗಳಿಗೆ ದೇಶದೊಳಗೆ ಕಾಲಿಡಲು ಅವಕಾಶ ಕೊಟ್ಟಿರಲಿಲ್ಲ. ಆ ನಿಷೇಧ ತೊಲಗಿದ್ದು 1956ರಲ್ಲಿ, ಎಂದರೆ ಬೊಂಡೆವಿಕ್‌ರವರು ಎಂಟೊಂಬತ್ತು ವರ್ಷದ ಬಾಲಕರಾಗಿದ್ದಾಗ. ಧರ್ಮದ ವಿಷಯದಲ್ಲಿ ಇಷ್ಟು ಬಿಗಿಯಾಗಿದ್ದ ದೇಶ ಒಬ್ಬನ ಜೀವಿತಾವಧಿಯೊಳಗೆ ಯೂರೋಪಿನ ಅತಿ ಉದಾರ ಸಮಾಜಗಳಲ್ಲೊಂದಾಯಿತು. ಆ ಬದಲಾವಣೆಯ ನಟ್ಟನಡುವೆ ನಿಂತು ರಾಜಕೀಯ ಮಾಡಿದವರು ಇವರು.

ಅವರ ಚಿಕ್ಕಪ್ಪ ಶೆಲ್ ಬೊಂಡೆವಿಕ್ 1965ರಿಂದ 1971ರವರೆಗೆ ಧರ್ಮಸಭೆ ಮತ್ತು ಶಿಕ್ಷಣ ಖಾತೆಯ ಸಚಿವರಾಗಿದ್ದರು. ಹೀಗಾಗಿ ರಾಜಕೀಯವೂ ದೇವರ ವಾಕ್ಯವೂ ಆ ಮನೆತನಕ್ಕೆ ಒಟ್ಟಿಗೇ ಒಲಿದಿದ್ದವು. ತರುಣ ಬೊಂಡೆವಿಕ್ 1973ರಲ್ಲಿಯೇ, ಇಪ್ಪತ್ತಾರರ ವಯಸ್ಸಿನಲ್ಲಿ, ‘ಸ್ಟೋರ್ಟಿಂಗ್’ ಎಂಬ ಹೆಸರಿನ ನಾರ್ವೆಯ ಸಂಸತ್ತಿಗೆ ಆಯ್ಕೆಯಾದರು. ಓದನ್ನು ಬಿಡಲಿಲ್ಲ. 1975ರಲ್ಲಿ ದೈವಶಾಸ್ತ್ರದ ಪದವಿ ಮುಗಿಸಿದರು, 1979ರಲ್ಲಿ ದೀಕ್ಷೆ ಪಡೆದರು. ಸಂಸತ್ತಿನಲ್ಲಿ ಕುಳಿತೇ ಸಭಾಪಾಲಕರಾದರೆಂದರೆ ತಪ್ಪಾಗದು. ಗುರುಮಠದ ಒಂಬತ್ತು ಹತ್ತು ವರ್ಷಗಳ ಶಿಸ್ತಿನಲ್ಲಿ ಬೆಳೆದ ನನ್ನಂಥವನಿಗೆ ಇದು ಸ್ವಲ್ಪ ವಿಚಿತ್ರವಾಗಿಯೇ ಕಾಣುತ್ತದೆ. ವೇದಿಕೆಗೂ ಪೀಠಕ್ಕೂ ನಡುವೆ ಗೋಡೆಯಿರಬೇಕೆಂದು ನಮಗೆ ಕಲಿಸಿದ್ದರು. ಆ ಗೋಡೆ ಒಳ್ಳೆಯದೆಂದೇ ನಾನು ಈಗಲೂ ನಂಬಿದ್ದೇನೆ.

1981ರಲ್ಲಿ ಸಂಪ್ರದಾಯವಾದಿ ಪಕ್ಷ ಸರಕಾರ ರಚಿಸಲು ಕರೆದಾಗ, ಗರ್ಭಪಾತದ ಕಾನೂನಿನ ಪ್ರಶ್ನೆಯಲ್ಲಿ ಒಮ್ಮತ ಬಾರದೆ ಕ್ರೈಸ್ತ ಜನತಾ ಪಕ್ಷ ಹೊರಗುಳಿಯಿತು. ಅಧಿಕಾರ ಬಾಗಿಲಿಗೆ ಬಂದಿರುವಾಗ ತತ್ತ್ವಕ್ಕಾಗಿ ಹೊರಗೆ ನಿಲ್ಲುವ ಪಕ್ಷಗಳು ಅಪರೂಪ. ಎರಡು ವರ್ಷಗಳ ಬಳಿಕ ಆ ಕಾನೂನು ಬದಲಾಗದಿದ್ದರೂ ಅವರು ಸರಕಾರವನ್ನು ಸೇರಿದರು. ಬೊಂಡೆವಿಕ್‌ರವರು ಚಿಕ್ಕಪ್ಪ ಕುಳಿತಿದ್ದ ಖಾತೆಯಲ್ಲಿಯೇ ಸಚಿವರಾದರು, ಅದೇ ವರ್ಷ ಪಕ್ಷದ ಅಧ್ಯಕ್ಷರೂ ಆದರು. ಇದನ್ನು ಸೋಲೆಂದು ಕರೆದವರೂ ಉಂಟು, ವಿವೇಕವೆಂದು ಕರೆದವರೂ ಉಂಟು. ನನಗಂತೂ ಉತ್ತರ ಸುಲಭವಾಗಿ ಹೊಳೆಯುವುದಿಲ್ಲ. ಮುಂದೆ 1989ರಲ್ಲಿ ಒಂದು ವರ್ಷ ವಿದೇಶಾಂಗ ಸಚಿವರಾಗಿಯೂ ದುಡಿದರು.

1997ರ ಚುನಾವಣೆಯ ಕಥೆ ಸ್ವಾರಸ್ಯಕರ. ಆಗ ಪ್ರಧಾನಿಯಾಗಿದ್ದ ಕಾರ್ಮಿಕ ಪಕ್ಷದ ಥೋರ್ಬ್ಯೋರ್ನ್ ಯಾಗ್ಲಾಂಡ್, ಹಿಂದಿನ ಬಾರಿ ಬಂದಿದ್ದ ಶೇಕಡಾ 36.9ರಷ್ಟು ಮತಗಳಿಗಿಂತ ಕಡಿಮೆ ಬಂದರೆ ರಾಜೀನಾಮೆ ಕೊಡುವುದಾಗಿ ಸಾರಿಬಿಟ್ಟರು. ಬಂದದ್ದು ಶೇಕಡಾ 35. ಅವರ ಪಕ್ಷವೇ ಎಲ್ಲಕ್ಕಿಂತ ದೊಡ್ಡದಾಗಿದ್ದರೂ ಕೊಟ್ಟ ಮಾತಿನಂತೆ ಇಳಿದರು. (ಇದೇ ಯಾಗ್ಲಾಂಡ್ ಮುಂದೆ ನೊಬೆಲ್ ಶಾಂತಿ ಸಮಿತಿಯ ಅಧ್ಯಕ್ಷರಾಗಿ 2014ರಲ್ಲಿ ನಮ್ಮ ಕೈಲಾಶ್ ಸತ್ಯಾರ್ಥಿಯವರಿಗೆ ಪ್ರಶಸ್ತಿಯಿತ್ತವರು.) ತೆರವಾದ ಕುರ್ಚಿಗೆ ಬಂದವರು ಬೊಂಡೆವಿಕ್. ಮೂರು ಸಣ್ಣ ಪಕ್ಷಗಳ ಕೂಟ, 165 ಸ್ಥಾನಗಳ ಸಂಸತ್ತಿನಲ್ಲಿ ಅವರ ಬೆಂಬಲಿಗರು 42 ಮಂದಿ ಮಾತ್ರ. ಮಿಕ್ಕ 123 ಜನರಲ್ಲಿ ಯಾರನ್ನಾದರೂ ಒಲಿಸಿಕೊಳ್ಳದೆ ಒಂದು ಸಣ್ಣ ಮಸೂದೆಯನ್ನೂ ಅಂಗೀಕಾರ ಮಾಡಿಸುವಂತಿರಲಿಲ್ಲ. ಅಕ್ಟೋಬರ್ 17ರಂದು ಅಧಿಕಾರ ವಹಿಸಿಕೊಂಡಾಗ ಅವರಿಗೆ ಐವತ್ತು ವರ್ಷ.

ಮೊದಲ ವರ್ಷದಲ್ಲಿಯೇ ದೊಡ್ಡ ಭರವಸೆಗಳನ್ನು ಈಡೇರಿಸಲು ಹೊರಟರು. ಶಿಶುವಿಹಾರಕ್ಕೆ ಕಳುಹಿಸದೆ ಎಳೆಯ ಮಕ್ಕಳನ್ನು ಮನೆಯಲ್ಲಿಯೇ ನೋಡಿಕೊಳ್ಳುವ ತಂದೆತಾಯಿಗಳಿಗೆ ಸರಕಾರವೇ ಹಣ ಕೊಡುವ ಯೋಜನೆ 1998ರ ಆಗಸ್ಟ್ 1ರಂದು ಜಾರಿಗೆ ಬಂತು. ಇದರಿಂದ ತಾಯಂದಿರು ಉದ್ಯೋಗ ಬಿಟ್ಟು ಮನೆ ಸೇರಿಯಾರೆಂದು ಆಕ್ಷೇಪಿಸಿದವರು ಅನೇಕರು; ಮಗುವಿಗೆ ಅಪ್ಪ ಅಮ್ಮನ ಸಮಯಕ್ಕಿಂತ ದೊಡ್ಡ ಆಸ್ತಿ ಇಲ್ಲವೆಂಬುದು ಪಕ್ಷದ ವಾದ. ಆದರೆ ಆ ಬೇಸಿಗೆಯಲ್ಲಿ ಕಾಲ ಅವರಿಗೆ ಅನುಕೂಲವಾಗಿರಲಿಲ್ಲ. ಜಗತ್ತಿನಾದ್ಯಂತ ಕಚ್ಚಾತೈಲದ ಬೆಲೆ ಕುಸಿದಿತ್ತು, ತೈಲವನ್ನೇ ನೆಚ್ಚಿದ ನಾರ್ವೆಯ ನಾಣ್ಯ ತತ್ತರಿಸುತ್ತಿತ್ತು, ಕೇಂದ್ರ ಬ್ಯಾಂಕು ಬಡ್ಡಿಯ ದರವನ್ನು ಮತ್ತೆ ಮತ್ತೆ ಏರಿಸುತ್ತಿತ್ತು. ಅಕ್ಟೋಬರಿನಲ್ಲಿ ಮಂಡಿಸಬೇಕಾದ ಆಯವ್ಯಯ ಪತ್ರಕ್ಕೆ ಬೆಂಬಲವೆಲ್ಲಿಂದ ಎಂಬುದು ಗೊತ್ತಿರಲಿಲ್ಲ.

ಆಗಸ್ಟ್ ತಿಂಗಳ ಕೊನೆಯಲ್ಲಿ ಒಂದು ಬೆಳಿಗ್ಗೆ ಪ್ರಧಾನಿಗೆ ಹಾಸಿಗೆಯಿಂದ ಏಳಲಾಗಲಿಲ್ಲ. ಕೈಕಾಲಿಗೆ ಪೆಟ್ಟಾಗಿರಲಿಲ್ಲ, ಜ್ವರವಿರಲಿಲ್ಲ. ಏಳುವ ಶಕ್ತಿಯೇ ಇರಲಿಲ್ಲ. ನಿದ್ರೆ ಹಲವು ದಿನಗಳಿಂದ ದೂರವಾಗಿತ್ತು. ಮನೋವೈದ್ಯರು ನೋಡಿದರು. ರೋಗಕ್ಕೆ ಹೆಸರಿತ್ತು: ಖಿನ್ನತೆ. ಈಗ ಜನರಿಗೆ ಏನೆಂದು ಹೇಳುವುದು? ಪ್ರಧಾನಿಯ ಬಳಗ ಯಾವ ಹೆಸರನ್ನು ಬೇಕಾದರೂ ಆರಿಸಿಕೊಳ್ಳಬಹುದಿತ್ತು. ಸುಸ್ತು, ಸೋಂಕು, ಬೆನ್ನುನೋವು, ವೈದ್ಯಕೀಯ ತಪಾಸಣೆ. ರಾಜಕಾರಣಿಗಳ ಆಸ್ಪತ್ರೆವಾಸಕ್ಕೆ ಸಿಗುವ ಹೆಸರುಗಳನ್ನು ನಾವೆಲ್ಲ ಬಲ್ಲೆವು. ಆದರೆ 1998ರ ಆಗಸ್ಟ್ 31ರ ಸೋಮವಾರ ಪ್ರಧಾನಿಯ ಕಚೇರಿಯಿಂದ ಹೊರಟ ಪ್ರಕಟಣೆ, ಅತಿಯಾದ ಕೆಲಸದ ಹೊರೆಯಿಂದ ಪ್ರಧಾನಿಯವರು ಖಿನ್ನತೆಗೆ ಒಳಗಾಗಿದ್ದಾರೆ, ಅದಕ್ಕಾಗಿ ಅನಾರೋಗ್ಯದ ರಜೆಯ ಮೇಲೆ ಹೋಗುತ್ತಿದ್ದಾರೆ ಎಂಬುದನ್ನು ಮುಚ್ಚುಮರೆಯಿಲ್ಲದೆ ತಿಳಿಸಿತು. ಸಂಸ್ಕೃತಿ ಸಚಿವೆ ಆನ್ನೆ ಎಂಗೆರ್ ಲಾನ್‌ಸ್ಟೈನ್ ಪ್ರಧಾನಿಯ ಕೆಲಸವನ್ನು ತಾತ್ಕಾಲಿಕವಾಗಿ ನೋಡಿಕೊಂಡರು. ಅಧಿಕಾರದಲ್ಲಿರುವ ಪ್ರಧಾನಿಯೊಬ್ಬರು ತಮ್ಮ ಮನಸ್ಸಿನ ಕಾಯಿಲೆಯನ್ನು ಅದರ ಹೆಸರಿನಿಂದಲೇ ಕರೆದದ್ದು ಜಗತ್ತಿಗೆ ಅಪರೂಪದ ಸುದ್ದಿಯಾಗಿತ್ತು. ಸೆಪ್ಟೆಂಬರ್ 3ರಂದು ಅವರಿಗೆ ಐವತ್ತೊಂದು ತುಂಬಿತು. ಆ ಹುಟ್ಟುಹಬ್ಬ ರಜೆಯಲ್ಲಿಯೇ ಕಳೆಯಿತು.

ಇಲ್ಲಿಗೆ ತಮ್ಮ ರಾಜಕೀಯ ಜೀವನ ಮುಗಿಯಿತೆಂಬ ಭಯ ಅವರಿಗೂ ಇತ್ತು. ಆದದ್ದೇ ಬೇರೆ. ದೇಶದ ಮೂಲೆಮೂಲೆಗಳಿಂದ ಪತ್ರಗಳು ಬಂದವು. ಚೇತರಿಸಿಕೊಳ್ಳಿರೆಂಬ ಹಾರೈಕೆ ಕೆಲವರದಾದರೆ, ನನಗೂ ಹೀಗೇ ಆಗಿತ್ತೆಂಬ ನಿವೇದನೆ ಹಲವರದು. ಮೂರು ವಾರಗಳಿಗೆ ತುಸು ಹೆಚ್ಚು ಕಾಲ ವಿಶ್ರಾಂತಿ ಮತ್ತು ಚಿಕಿತ್ಸೆ ಪಡೆದು ಸೆಪ್ಟೆಂಬರ್ ತಿಂಗಳಲ್ಲಿಯೇ ಅವರು ಕಚೇರಿಗೆ ಮರಳಿದರು. ಆಯವ್ಯಯ ಪತ್ರವೂ ಹೇಗೋ ಪಾರಾಯಿತು.

ಅರಸುಗಳ ಮೊದಲನೆಯ ಗ್ರಂಥದ ಹತ್ತೊಂಬತ್ತನೆಯ ಅಧ್ಯಾಯ ನಿಮಗೆಲ್ಲ ಪರಿಚಿತ. ಕಾರ್ಮೆಲ್ ಬೆಟ್ಟದ ಮೇಲೆ ಬೆಂಕಿಯನ್ನಿಳಿಸಿದ ಪ್ರವಾದಿ ಎಲೀಯ ಮರುದಿನವೇ ಅಡವಿಗೆ ಓಡಿ, ಗಿಡವೊಂದರ ಕೆಳಗೆ ಕುಸಿದು ಕುಳಿತು ಸಾವನ್ನು ಬೇಡುತ್ತಾನೆ. ಗುರುಮಠದಲ್ಲಿ ಇದನ್ನು ಓದುವಾಗ ಪ್ರವಾದಿಯ ವಿಶ್ವಾಸ ಸಡಿಲವಾಯಿತೆಂದು ನಾನು ಟಿಪ್ಪಣಿ ಬರೆದುಕೊಂಡಿದ್ದೆ. ದೂತನು ಬಂದು ಮಾಡಿದ್ದೇನು ಎಂಬುದನ್ನು ಅಂದು ಗಮನಿಸಿರಲಿಲ್ಲ. ಅವನು ಎಲೀಯನನ್ನು ಗದರಿಸುವುದಿಲ್ಲ, ವಿಶ್ವಾಸದ ಕುರಿತು ಬೋಧಿಸುವುದಿಲ್ಲ, ಪಾಪವನ್ನು ಶೋಧಿಸಿಕೊಳ್ಳೆನ್ನುವುದಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ ಮತ್ತು ಒಂದು ತಂಬಿಗೆ ನೀರನ್ನು ತಲೆಯ ಬಳಿ ಇಡುತ್ತಾನೆ. ಎಲೀಯ ತಿಂದು ಮತ್ತೆ ಮಲಗುತ್ತಾನೆ. ದೂತ ಅದಕ್ಕೂ ಅಡ್ಡಿ ಮಾಡದೆ ಎರಡನೆಯ ಬಾರಿ ಬಂದು ಉಣಿಸುತ್ತಾನೆ. ದೇವರ ಮೆಲುದನಿ ಕೇಳಿಸುವುದು ಇದೆಲ್ಲ ಆದ ನಲವತ್ತು ದಿನಗಳ ಮೇಲೆ.

ಮರಳಿ ಬಂದ ಬೊಂಡೆವಿಕ್ ದುರ್ಬಲರಾಗಿ ಉಳಿದರೇ? ಅವರ ಮುಂದಿನ ಏಳು ವರ್ಷಗಳೇ ಇದಕ್ಕೆ ಉತ್ತರ. ನಾರ್ವೆ ಸಮುದ್ರದಡಿಯ ತೈಲ, ಅನಿಲಗಳಿಂದ ಶ್ರೀಮಂತವಾದ ದೇಶ. ಆ ಅನಿಲದಿಂದ ವಿದ್ಯುತ್ ಸ್ಥಾವರಗಳನ್ನು ಕಟ್ಟಬೇಕೆಂಬುದು ಸಂಸತ್ತಿನ ದೊಡ್ಡ ಪಕ್ಷಗಳ ಹಟ. ಇಂಗಾಲದ ಹೊಗೆಯನ್ನು ತಡೆಯುವ ತಂತ್ರಜ್ಞಾನ ಸಿದ್ಧವಾಗುವ ತನಕ ಬೇಡವೆಂಬುದು ಪ್ರಧಾನಿಯ ಹಟ. ಮಾಲಿನ್ಯದ ನಿಯಮಗಳನ್ನು ಸಡಿಲಿಸಲು ಸಂಸತ್ತು ಒತ್ತಾಯಿಸಿದಾಗ ಅವರು ತಮ್ಮ ಸರಕಾರದ ಅಳಿವು ಉಳಿವನ್ನೇ ಪಣಕ್ಕಿಟ್ಟರು. 2000ದ ಮಾರ್ಚ್ 9ರಂದು 71ಕ್ಕೆ ಎದುರಾಗಿ 81 ಮತಗಳಿಂದ ಸೋತು ರಾಜೀನಾಮೆಯಿತ್ತರು. ಜಗದ್ಗುರು ಫ್ರಾನ್ಸಿಸ್‌ರವರು ನಮ್ಮೆಲ್ಲರ ಮನೆಯಾದ ಈ ಭೂಮಿಯ ಕುರಿತು ‘ಲೌದಾತೊ ಸೀ’ ಪತ್ರ ಬರೆದದ್ದು 2015ರಲ್ಲಿ. ಅದಕ್ಕಿಂತ ಹದಿನೈದು ವರ್ಷ ಮೊದಲೇ ಹವೆಯ ಪ್ರಶ್ನೆಗಾಗಿ ಕುರ್ಚಿ ಕಳೆದುಕೊಂಡ ಸರಕಾರವಿದು. ಮುಂದೆ ಕೋರ್‌ಸ್ಟೋ ಎಂಬಲ್ಲಿ 2007ರಲ್ಲಿ ಅಂಥದೊಂದು ಸ್ಥಾವರ ತೆರೆಯಿತು, ಲಾಭ ಗಿಟ್ಟದೆ ಕೆಲವೇ ವರ್ಷಗಳಲ್ಲಿ ಮುಚ್ಚಿಯೂ ಹೋಯಿತು.

2001ರಲ್ಲಿ ಅವರು ಮತ್ತೆ ಪ್ರಧಾನಿಯಾದರು. ಅವರ ಪಕ್ಷಕ್ಕೆ 22 ಸ್ಥಾನಗಳು, ಜೊತೆಗೂಡಿದ ಸಂಪ್ರದಾಯವಾದಿ ಪಕ್ಷಕ್ಕೆ 38. ಆದರೂ ದೊಡ್ಡ ಪಕ್ಷ ಮುಖ್ಯ ಕುರ್ಚಿಯನ್ನು ಬೊಂಡೆವಿಕ್‌ರವರಿಗೆ ಬಿಟ್ಟುಕೊಟ್ಟಿತು. ಮೂರು ವರ್ಷಗಳ ಹಿಂದೆ ಖಿನ್ನತೆಯ ಹೆಸರು ಹೇಳಿ ರಜೆ ಹಾಕಿದ್ದ ಮನುಷ್ಯನನ್ನು ಪಾಲುದಾರರೇ ನಾಯಕನೆಂದು ಒಪ್ಪಿದರು ಎಂಬುದನ್ನು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ನಮ್ಮಲ್ಲಿ ಇಂಥ ಕಾಯಿಲೆಯ ಸುಳಿವು ಸಿಕ್ಕರೆ ಹುಡುಗಿಗೆ ಗಂಡು ದೊರೆಯುವುದಿಲ್ಲ, ಹುಡುಗನಿಗೆ ಕೆಲಸ ದೊರೆಯುವುದಿಲ್ಲ. 2003ರ ಮಾರ್ಚ್‌ನಲ್ಲಿ ವಿಶ್ವಸಂಸ್ಥೆಯ ಒಪ್ಪಿಗೆಯಿಲ್ಲದೆ ಇರಾಕಿನ ಮೇಲೆ ಯುದ್ಧಕ್ಕಿಳಿಯುವುದನ್ನು ಅವರ ಸರಕಾರ ಬೆಂಬಲಿಸಲಿಲ್ಲ. ನಾರ್ವೆ ಅಮೆರಿಕದ ಹಳೆಯ ಮಿತ್ರದೇಶ, ಅಧ್ಯಕ್ಷ ಬುಷ್‌ರವರೂ ವಿಶ್ವಾಸವಂತ ಕ್ರೈಸ್ತರು. ಅಂಥವರಿಗೆ ಇಲ್ಲವೆನ್ನುವುದು ಸಣ್ಣ ಮಾತಲ್ಲ. ಕೆಲವು ತಿಂಗಳ ಬಳಿಕ ಪುನರ್ನಿರ್ಮಾಣದ ಹೆಸರಿನಲ್ಲಿ ನಾರ್ವೆಯ ಸೈನಿಕ ಎಂಜಿನಿಯರುಗಳು ಅಲ್ಲಿಗೆ ಹೋದರೆಂಬುದನ್ನೂ ಮುಚ್ಚಿಡಬಾರದು.

2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಥಾಯ್ಲೆಂಡಿನ ಕಡಲತೀರದಲ್ಲಿ ರಜೆ ಕಳೆಯುತ್ತಿದ್ದವರೂ ಸೇರಿ 84 ನಾರ್ವೇಜಿಯನರು ಸತ್ತರು. ಅದೇ ಬೆಳಿಗ್ಗೆ ಅದೇ ಅಲೆ ವೇಳಾಂಗಣಿಯ ತೀರದಲ್ಲಿ ನಮ್ಮ ಯಾತ್ರಿಕರನ್ನೂ ಎಳೆದೊಯ್ದದ್ದನ್ನು ನೀವು ಮರೆತಿರಲಾರಿರಿ. ಸರಕಾರ ತಕ್ಷಣ ಎಚ್ಚೆತ್ತುಕೊಳ್ಳಲಿಲ್ಲವೆಂದು ಬೊಂಡೆವಿಕ್ ಕಟು ಟೀಕೆ ಎದುರಿಸಿದರು. 2005ರ ಚುನಾವಣೆಯಲ್ಲಿ ಅವರ ಪಕ್ಷದ ಬಲ 11 ಸ್ಥಾನಗಳಿಗೆ ಕುಸಿಯಿತು. ಸಂಸತ್ತನ್ನೂ ಬಿಟ್ಟು ಅವರು 2006ರಲ್ಲಿ ಓಸ್ಲೋದಲ್ಲಿ ಶಾಂತಿ ಮತ್ತು ಮಾನವ ಹಕ್ಕುಗಳ ಕೇಂದ್ರವೊಂದನ್ನು ಸ್ಥಾಪಿಸಿದರು.

ನಾನು ಈ ಹೆಸರನ್ನು ಮೊದಲು ಓದಿದ್ದು 1998ರ ಸೆಪ್ಟೆಂಬರಿನಲ್ಲಿ. ಗುರುದೀಕ್ಷೆಯಾಗಿ ಹೆಚ್ಚು ಕಾಲವಾಗಿರಲಿಲ್ಲ. ಪತ್ರಿಕೆಯ ವಿದೇಶ ವಾರ್ತೆಯ ಮೂಲೆಯಲ್ಲಿ ನಾಲ್ಕು ಸಾಲು. ಊಟದ ಮೇಜಿನಲ್ಲಿ ಅದನ್ನು ಗಟ್ಟಿಯಾಗಿ ಓದಿ, “ಶ್ರೀಮಂತ ದೇಶದವರ ಕಾಯಿಲೆ” ಎಂದು ನಗೆಯಾಡಿದ್ದೆ. ಜೊತೆಗಿದ್ದವರೂ ನಕ್ಕಿದ್ದರು. ಒಬ್ಬ ಹಿರಿಯ ಗುರು ಮಾತ್ರ ನಗದೆ ತಟ್ಟೆಯನ್ನೇ ನೋಡುತ್ತ ಉಂಡರು. ಏಕೆಂದು ಅಂದು ಕೇಳಿಕೊಳ್ಳಲಿಲ್ಲ.

2011ರಲ್ಲಿ ನಾನು ಮಲೆನಾಡಿನ ಒಂದು ಧರ್ಮಕೇಂದ್ರದಲ್ಲಿದ್ದೆ. ಹೊಸ ದೇವಾಲಯದ ಕಟ್ಟಡ ಅರ್ಧಕ್ಕೆ ನಿಂತಿತ್ತು. ಶಾಲೆಯ ಜವಾಬ್ದಾರಿಯೂ ನನ್ನದೇ. ಸಾಲ ಕೊಟ್ಟವರು, ಮರಳು ತರುವವರು, ವರ್ಗಾವಣೆ ಪತ್ರ ಬೇಕೆನ್ನುವ ಪೋಷಕರು, ಮದುವೆಯ ದಿನಾಂಕಕ್ಕೆ ಜಗಳವಾಡುವ ಎರಡು ಮನೆಗಳು. ಎಲ್ಲರಿಗೂ ನಗುನಗುತ್ತ ಉತ್ತರ ಹೇಳುತ್ತಿದ್ದೆ. ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ರೆಯಿಲ್ಲ. ದಿನನಿತ್ಯದ ಪ್ರಾರ್ಥನೆಯ ಪುಸ್ತಕ ಕೈಯಲ್ಲಿರುತ್ತಿತ್ತು, ಕೀರ್ತನೆಯ ಸಾಲುಗಳು ಕಣ್ಣೆದುರು ಹಾದುಹೋಗುತ್ತಿದ್ದವು, ಒಳಗೆ ಏನೂ ಇಳಿಯುತ್ತಿರಲಿಲ್ಲ. ಅದನ್ನು ಆತ್ಮದ ಕತ್ತಲೆಯ ರಾತ್ರಿಯೆಂದುಕೊಂಡೆ. ಸಂತರ ಅನುಭವವನ್ನು ನನ್ನದೆಂದು ಭಾವಿಸಿದ ಅಹಂಕಾರ ಬೇರೆ! ಒಂದು ಭಾನುವಾರ ಏಳು ಗಂಟೆಯ ಪೂಜೆಯ ಮೊದಲ ಗಂಟೆ ಬಾರಿಸಿತು. ಎರಡನೆಯದೂ ಬಾರಿಸಿತು. ನಾನು ಗೋಡೆಯ ಕಡೆ ತಿರುಗಿ ಮಲಗಿಯೇ ಇದ್ದೆ. ಉಪದೇಶಿ ಬಂದು ಬಾಗಿಲು ತಟ್ಟಿದ. ದನಿ ಕೇಳುತ್ತಿತ್ತು, ಉತ್ತರಿಸಲು ಬಾಯಿ ಬರಲಿಲ್ಲ. ದೇವಾಲಯದಲ್ಲಿ ಜನ ಜಪಸರ ಹೇಳಿಕೊಂಡು ಮನೆಗೆ ಹೋದರು.

ಮುಂದಿನ ಆರು ವಾರ ದೂರದ ಊರಿನ ಆಶ್ರಮವೊಂದರಲ್ಲಿ ಕಳೆದೆ. ಮನೋವೈದ್ಯರು ಮಾತ್ರೆಗಳನ್ನು ಕೊಟ್ಟರು. ಮೊದಲು ನಿದ್ರೆ ಬಂತು, ಆಮೇಲೆ ಹಸಿವು, ಎಷ್ಟೋ ದಿನಗಳ ಮೇಲೆ ಪ್ರಾರ್ಥನೆ. ಎಲೀಯನಿಗೆ ಬಂದದ್ದೂ ಇದೇ ಕ್ರಮದಲ್ಲಿ ಎಂಬುದು ಹೊಳೆದದ್ದು ಅಲ್ಲಿ. ಧರ್ಮಕೇಂದ್ರದಲ್ಲಿ ಫಾದರಿಗೆ ಟೈಫಾಯ್ಡ್ ಎಂದು ಪ್ರಕಟಿಸಲಾಗಿತ್ತು. ಹಾಗೆ ಹೇಳಿರೆಂದು ಯಾರೂ ಒತ್ತಾಯಿಸಿರಲಿಲ್ಲ. ಆ ಹೆಸರನ್ನು ಸೂಚಿಸಿದವನು ನಾನೇ. ಮರಳಿ ಬಂದ ಮೊದಲ ಭಾನುವಾರ, ಪೀಠದ ಮುಂದೆ ನಿಂತು, ನನ್ನ ಟೈಫಾಯ್ಡ್ ವಾಸಿಯಾಗಲೆಂದು ಪ್ರಾರ್ಥಿಸಿದ ನಿಮಗೆಲ್ಲ ಕೃತಜ್ಞತೆ ಎಂದೆ. ಪರಮಪ್ರಸಾದವನ್ನು ಎತ್ತಿಹಿಡಿಯುವ ಜಾಗದಲ್ಲಿ ನಿಂತು ಹೇಳಿದ ಸುಳ್ಳದು. ಪಾಪನಿವೇದನೆಯಲ್ಲಿ ಅದನ್ನು ಅರಿಕೆ ಮಾಡಿಕೊಂಡು ಕ್ಷಮೆ ಪಡೆದಿದ್ದೇನೆ. ಆದರೆ ಕೇಳಿಸಿಕೊಂಡವರಿಗೆ ನಿಜ ಹೇಳಿರಲಿಲ್ಲ. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಬೊಂಡೆವಿಕ್‌ರವರ ಸಂದರ್ಶನ ಪ್ರಕಟವಾಗಿತ್ತು. ಅದು ನನ್ನ ಕೈಗೆ ಸಿಕ್ಕಿದ್ದು ತಡವಾಗಿ. ಊಟದ ಮೇಜಿನಲ್ಲಿ ನಕ್ಕಿದ್ದು ನೆನಪಾಗಿ ನಾಚಿದೆ.

ಆ ಸುಳ್ಳಿನಿಂದ ಯಾರಿಗೂ ನಷ್ಟವಾಗಲಿಲ್ಲವೆಂದು ನನ್ನನ್ನು ನಾನೇ ಸಮಾಧಾನಪಡಿಸಿಕೊಂಡಿದ್ದೆ. ಎರಡು ವರ್ಷಗಳ ಬಳಿಕ, ಅದೇ ಧರ್ಮಕೇಂದ್ರದಲ್ಲಿ, ಕಾಲೇಜಿಗೆ ಹೋಗುತ್ತಿದ್ದ ತರುಣನೊಬ್ಬ ಪೂಜೆಗೆ ಬರುವುದನ್ನು ನಿಲ್ಲಿಸಿದ. ಗಾಯನವೃಂದದಲ್ಲಿ ಹಾಡುತ್ತಿದ್ದ ಹುಡುಗ. ಮನೆಗೆ ಹೋದೆ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಗೋಡೆಯ ಕಡೆ ತಿರುಗಿ ಮಲಗಿದ್ದ. ತಾಯಿ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ, “ಜ್ವರ ಫಾದರ್, ಬಿಟ್ಟು ಬಿಟ್ಟು ಬರುತ್ತದೆ” ಎಂದರು. ಆ ಜ್ವರ ಯಾವುದೆಂದು ನನಗೆ ಒಂದು ಕ್ಷಣದಲ್ಲಿ ತಿಳಿಯಿತು. ತಾಯಿಯ ಕಣ್ಣು ನನ್ನನ್ನು ತಪ್ಪಿಸುತ್ತಿತ್ತು, ನನ್ನ ಕಣ್ಣು ಅವರನ್ನು. ಟೈಫಾಯ್ಡ್ ಬಂದಿದ್ದ ಗುರುವಿಗೆ ಜ್ವರ ಬಂದ ಮನೆಯಲ್ಲಿ ಬೇರೆ ಮಾತನಾಡುವ ದಾರಿಯಿರಲಿಲ್ಲ. ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ, ಕೊಟ್ಟ ಕಾಫಿ ಕುಡಿದು ಎದ್ದೆ. ವೈದ್ಯರ ಹೆಸರು, ಊರು, ಮಾತ್ರೆಯ ಹೆಸರು ಸಹ ನನ್ನ ಜೇಬಿನಲ್ಲಿದ್ದವು. ಕೆಲವು ತಿಂಗಳಲ್ಲಿ ಆ ಕುಟುಂಬ ಮನೆ ಖಾಲಿ ಮಾಡಿ ನಗರಕ್ಕೆ ಹೋಯಿತು. ಹುಡುಗ ಏನಾದನೋ ನನಗೆ ತಿಳಿಯದು. ನಾರ್ವೆಯ ಪ್ರಧಾನಿಗೆ ಬಂದ ಪತ್ರಗಳ ನೆನಪಾದಾಗಲೆಲ್ಲ ಆ ತಾಯಿಯ ಸೆರಗು ಕಣ್ಣಿಗೆ ಬರುತ್ತದೆ.

ಈಗ ಕಾಲ ಸ್ವಲ್ಪ ಬದಲಾಗಿದೆ. ಮನಸ್ಸಿನ ತೊಂದರೆಗೆ ಹಗಲು ರಾತ್ರಿಯೆನ್ನದೆ 14416 ಸಂಖ್ಯೆಗೆ ಕನ್ನಡದಲ್ಲಿಯೇ ಕರೆ ಮಾಡಿ ಮಾತನಾಡಬಹುದು. 2022ರಲ್ಲಿ ಆರಂಭವಾದ ಈ ‘ಟೆಲಿ ಮಾನಸ್’ ವ್ಯವಸ್ಥೆಗೆ ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯದೇ ಮಾರ್ಗದರ್ಶನ. ನನ್ನ ಕಚೇರಿಯ ಗೋಡೆಯ ಮೇಲೆ ಆ ಸಂಖ್ಯೆಯನ್ನು ಬರೆಸಿದ್ದೇನೆ.

ಕಳೆದ ವರ್ಷ ಆ ಹಳೆಯ ಧರ್ಮಕೇಂದ್ರದ ಹಬ್ಬಕ್ಕೆ ನನ್ನನ್ನು ಕರೆದಿದ್ದರು. ಪೂಜೆಯ ನಂತರ, ಅಂದು ಗುರುನಿವಾಸದಲ್ಲಿ ಅಡುಗೆ ಮಾಡುತ್ತಿದ್ದ ಅಜ್ಜಿ ಬಂದು ಕೈ ಹಿಡಿದುಕೊಂಡರು. ಎಂಬತ್ತು ದಾಟಿದ ಜೀವ. ಮಾತಿನ ನಡುವೆ ಹೇಗೋ ಧೈರ್ಯ ತಂದುಕೊಂಡು, “ಅಜ್ಜೀ, ಅಂದು ನನಗೆ ಬಂದದ್ದು ಟೈಫಾಯ್ಡ್ ಅಲ್ಲ” ಎಂದೆ.

“ಗೊತ್ತಿತ್ತು ಫಾದರ್” ಎಂದರು. “ಟೈಫಾಯ್ಡ್ ಬಂದವರಿಗೆ ಅನ್ನ ಸೇರೋದಿಲ್ಲ. ನಿಮಗೆ ಮಾತೇ ಸೇರ್ತಿರಲಿಲ್ಲ. ನನ್ನ ತಮ್ಮನಿಗೂ ಹಾಗೇ ಇತ್ತು.”

ತಮ್ಮನ ವಿಷಯ ನಾನು ಎಂದೂ ಕೇಳಿರಲಿಲ್ಲ. ಅಜ್ಜಿ ನಿಧಾನವಾಗಿ ಹೇಳಿದರು. ಅರವತ್ತು ವರ್ಷಗಳ ಹಿಂದೆ, ಇಪ್ಪತ್ತೆರಡರ ವಯಸ್ಸಿನಲ್ಲಿ, ಅವನು ತಾನಾಗಿಯೇ ಹೊರಟುಹೋಗಿದ್ದ. ಅಂಥವರಿಗೆ ಅಂದಿನ ಕಾನೂನು ಧರ್ಮವಿಧಿಯ ಶವಸಂಸ್ಕಾರವನ್ನು ನಿರಾಕರಿಸುತ್ತಿತ್ತು. ಸಮಾಧಿಭೂಮಿಯ ಗೋಡೆಯ ಹೊರಗೆ ಮಣ್ಣು ಮಾಡಿದ್ದರು. 1983ರ ಕಾನೂನು ಸಂಹಿತೆಯಲ್ಲಿ ಆ ನಿಷೇಧವಿಲ್ಲ, ಅಂಥವರ ರಕ್ಷಣೆಯ ಬಗ್ಗೆ ನಾವು ನಿರಾಶರಾಗಬಾರದೆಂದು ಧರ್ಮಸಭೆಯ ಧರ್ಮೋಪದೇಶ ಗ್ರಂಥವೇ ಕಲಿಸುತ್ತದೆ ಎಂದು ನಾನು ಹೇಳತೊಡಗಿದೆ. ಅಜ್ಜಿ ಸ್ವಲ್ಪ ಹೊತ್ತು ಕೇಳಿ, ನನ್ನ ಮಾತನ್ನು ಅರ್ಧಕ್ಕೇ ತಡೆದರು.

“ಹಾಗಾದರೆ ಅವನ ಹೆಸರಿಗೆ ಒಂದು ಪೂಜೆ ಇಡಬಹುದಾ ಫಾದರ್? ಇಷ್ಟು ವರ್ಷ ಯಾರನ್ನೂ ಕೇಳಲಿಲ್ಲ.”

ಜೇಬಿನಿಂದ ದಿನಚರಿಯ ಪುಸ್ತಕ ತೆಗೆದು ಹೆಸರು ಕೇಳಿದೆ. ಅಜ್ಜಿ ಹೆಸರನ್ನು ಎರಡು ಬಾರಿ ಹೇಳಿದರು, ನಾನು ಸರಿಯಾಗಿ ಬರೆದುಕೊಂಡೆನೋ ಇಲ್ಲವೋ ಎಂದು ಬಗ್ಗಿ ನೋಡಿದರು.